ನಮ್ಮ ಬೋರ್‌ವೆಲ್ ನೀರಿನ ಯುರೇನಿಯಂ ತೆಗೆದ ಅನುಭವ

ನಮ್ಮ ಮನೆ ಇರುವುದು ಚಿಂತಾಮಣಿ ತಾಲ್ಲೂಕಿನಲ್ಲಿ. ಬೋರ್‌ವೆಲ್ 1,200 ಅಡಿ. ನಮ್ಮ ಕಡೆ ಫ್ಲೋರೈಡ್ ಎಲ್ಲರಿಗೂ ಗೊತ್ತು, ಹಲ್ಲಿನ ಮೇಲೆ ಕಲೆ ಕಾಣುತ್ತೆ. ಯುರೇನಿಯಂ ಹಾಗಲ್ಲ. ಬಣ್ಣ ಇಲ್ಲ, ರುಚಿ ಇಲ್ಲ. ನಾನು ಕೆಮಿಸ್ಟ್ರಿ ಪಾಠ ಮಾಡುವವಳು, ಅದಕ್ಕೇ ಒಮ್ಮೆ ಮನೆ ನೀರನ್ನು ಪರೀಕ್ಷೆಗೆ ಕೊಟ್ಟೆ. ಲೀಟರಿಗೆ 84 ಮೈಕ್ರೋಗ್ರಾಂ ಅಂತ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 30.

"ಇಷ್ಟು ವರ್ಷ ವಿಕಿರಣ ಕುಡಿದ್ವಾ?" ಅಂದಳು ಅಮ್ಮ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಇದು ಯಾರೋ ತಂದು ಸುರಿದದ್ದಲ್ಲ, ನಮ್ಮ ಕೆಳಗಿರುವ ಗ್ರಾನೈಟ್ ಬಂಡೆಯಿಂದಲೇ ಕರಗಿ ಬರುವಂಥದ್ದು. ಪ್ರಕೃತಿಯಲ್ಲಿ ಹೆಚ್ಚಾಗಿ ಸಿಗುವ ಯುರೇನಿಯಂ-238 ವಿಕಿರಣ ಸೂಸುತ್ತಾ ಅರ್ಧಕ್ಕಿಳಿಯಲು ಸುಮಾರು 450 ಕೋಟಿ ವರ್ಷ ಬೇಕು. ಅಷ್ಟು ನಿಧಾನ ಇರುವುದರಿಂದ ಕುಡಿಯುವ ನೀರಿನಲ್ಲಿ ವಿಕಿರಣಕ್ಕಿಂತ ಜಾಸ್ತಿ ಭಯ ಮೂತ್ರಪಿಂಡದ್ದು. ಸ್ನಾನಕ್ಕೆ, ಬಟ್ಟೆಗೆ ಚಿಂತೆ ಬೇಡ. ಆದರೆ ಕುದಿಸಿದರೆ ಯುರೇನಿಯಂ ಹೋಗಲ್ಲ. ನೀರು ಆವಿಯಾಗುತ್ತೆ, ಯುರೇನಿಯಂ ಪಾತ್ರೆಯಲ್ಲೇ ಉಳಿಯುತ್ತೆ.

ಸೂಕ್ಷ್ಮ ಪೊರೆಯಲ್ಲಿ ನೀರು ಸೋಸಿ, ಉಳಿದದ್ದನ್ನು ಹೊರಬಿಡುವ ಆರ್‌ಒ ಫಿಲ್ಟರ್ ಹಾಕಿಸಿದ್ದರೆ ಯುರೇನಿಯಂ ಹೋಗುತ್ತಿತ್ತು. ಆದರೆ 1,200 ಅಡಿಯಿಂದ ಎತ್ತಿದ ನೀರಲ್ಲಿ ಅಷ್ಟೊಂದು ಪಾಲು ಚರಂಡಿಗೆ ಬಿಡಲು ಮನಸ್ಸು ಬರಲಿಲ್ಲ. ಯುರೇನಿಯಂ ಮಾತ್ರ ಅಂಟಿಸಿಕೊಳ್ಳುವ ವಸ್ತು ಹುಡುಕೋಣ ಅಂತ ಹೊರಟೆ.

ಮೊದಲು ಕರಟದ ಇದ್ದಿಲು. ಲ್ಯಾಬ್‌ನಲ್ಲಿ ಡಿಸ್ಟಿಲ್ಡ್ ವಾಟರ್‌ಗೆ ಯುರೇನಿಯಂ ಬೆರೆಸಿ ಪರೀಕ್ಷಿಸಿದಾಗ ಬಹುಪಾಲು ಇದ್ದಿಲಿಗೆ ಅಂಟಿತು. ಎಷ್ಟು ಖುಷಿಯಾಗಿತ್ತು! ಅದೇ ಇದ್ದಿಲನ್ನು ಮನೆ ನೀರಿಗೆ ಹಾಕಿದೆ. 84 ಇದ್ದದ್ದು 71ಕ್ಕೆ ಇಳಿದು ನಿಂತಿತು.

ಕಾರಣ ನಮ್ಮ ನೀರಲ್ಲೇ ಇತ್ತು. ನಮ್ಮದು ಗಡಸು ನೀರು, ಬೈಕಾರ್ಬನೇಟ್ ಜಾಸ್ತಿ, ಪಿಎಚ್ 7.8, ಅಂದರೆ ತುಸು ಕ್ಷಾರ. ಇಂಥ ನೀರಲ್ಲಿ ಯುರೇನಿಯಂ ಒಂಟಿಯಾಗಿ ಇರಲ್ಲ. ಎರಡು ಮೂರು ಕಾರ್ಬನೇಟ್‌ಗಳನ್ನು ಸುತ್ತಿಕೊಂಡು ಋಣ ವಿದ್ಯುದಂಶ ಪಡೆಯುತ್ತೆ. ಕ್ಯಾಲ್ಸಿಯಂ ಸೇರಿದರೆ ಕೆಲವು ಯಾವ ವಿದ್ಯುದಂಶವೂ ಇಲ್ಲದ ಕಣಗಳಾಗುತ್ತವೆ, ಅವನ್ನು ಹಿಡಿಯುವುದು ಇನ್ನೂ ಕಷ್ಟ. ಈ ಪಿಎಚ್‌ನಲ್ಲಿ ಇದ್ದಿಲಿನ ಮೈಯೂ ಋಣವೇ. ಋಣಕ್ಕೆ ಋಣ ಹೇಗೆ ಅಂಟೀತು? ಇದ್ಯಾವುದೂ ಇಲ್ಲದ ಡಿಸ್ಟಿಲ್ಡ್ ವಾಟರ್‌ನಲ್ಲಿ ಬಂದ ಫಲಿತಾಂಶವನ್ನು ನಾನು ಈಗ ನಂಬುವುದಿಲ್ಲ. ಯಾರಾದರೂ ಹೊಸ ಫಿಲ್ಟರ್ ಅಂತ ಬಂದರೆ ಮೊದಲು ಕೇಳುವುದು, ಯಾವ ಊರಿನ ನೀರಲ್ಲಿ ಪರೀಕ್ಷೆ ಮಾಡಿದ್ದೀರಿ ಅಂತ.

ಫ್ಲೋರೈಡ್‌ಗೆ ಬಳಸುವ ಆಕ್ಟಿವೇಟೆಡ್ ಅಲ್ಯೂಮಿನಾ ಸ್ವಲ್ಪ ಪರವಾಗಿಲ್ಲ ಅನ್ನಿಸಿತು, ಬೇಗ ಸೋತಿತು.

ಕೊನೆಗೆ ಋಣ ಕಣಗಳನ್ನು ಹಿಡಿಯುವ, ಕ್ಲೋರೈಡ್ ರೂಪದ ಆನಯಾನ್ ರೆಸಿನ್ ತಂದೆ. ಸಾಸಿವೆಗಿಂತ ಸಣ್ಣ, ಜೇನು ಬಣ್ಣದ ಮಣಿಗಳು. ಇವುಗಳ ಮೈಯಲ್ಲಿ ಧನ ವಿದ್ಯುದಂಶ. ಕ್ಲೋರೈಡ್ ಬಿಟ್ಟುಕೊಟ್ಟು, ಕಾರ್ಬನೇಟ್ ಸುತ್ತಿಕೊಂಡ ಯುರೇನಿಯಂ ಅನ್ನು ಹಿಡಿದುಕೊಳ್ಳುತ್ತವೆ. ಇದ್ದಿಲಿಗೆ ಅಡ್ಡಿಯಾದದ್ದೇ ಇಲ್ಲಿ ಅನುಕೂಲ! ಎರಡಿಂಚಿನ ಪಿವಿಸಿ ಪೈಪಿಗೆ ಒಂದು ಲೀಟರ್ ರೆಸಿನ್ ತುಂಬಿದೆ, ಒಂದೂವರೆ ಅಡಿಗಿಂತ ತುಸು ಜಾಸ್ತಿ ಎತ್ತರ ಬಂತು. ಗಂಟೆಗೆ 10 ಲೀಟರ್ ಮಾತ್ರ ಬಿಟ್ಟೆ.

ಮೊದಲ ಸಲ ಒಂದು ತಪ್ಪಾಯಿತು. ರಾತ್ರಿ ನಲ್ಲಿ ತೆರೆದೇ ಉಳಿದು ಪೈಪಿನ ನೀರೆಲ್ಲ ಇಳಿದುಹೋಯಿತು. ಮಣಿಗಳ ನಡುವೆ ಗಾಳಿ ಸೇರಿಕೊಂಡಿತು. ಬೆಳಗ್ಗೆ ನೀರು ಒಂದೇ ಸಂದಿ ಹಿಡಿದು ಸರ್ರನೆ ಹರಿಯಿತು, ಯುರೇನಿಯಂ ಹಾಗೇ ದಾಟಿ ಬಂತು. ಕೆಳಗಿನಿಂದ ನೀರು ಏರಿಸಿ ಗಾಳಿ ಬಿಡಿಸಿದೆ. ಆಮೇಲೆ ನೀರು ಹೊರಬರುವ ಪೈಪನ್ನು ರೆಸಿನ್‌ಗಿಂತ ಮೇಲಕ್ಕೆ ಬಗ್ಗಿಸಿ ಕಟ್ಟಿದೆ. ಈಗ ರೆಸಿನ್ ಒಣಗುವುದೇ ಇಲ್ಲ.

ಮುಂದಿನ ಸ್ಯಾಂಪಲ್ 3 ಮೈಕ್ರೋಗ್ರಾಂ. ಆ ಕಾಗದ ಹಿಡಿದು ಅಮ್ಮನ ಹತ್ತಿರ ಓಡಿದೆ. "ನೀರು ಉಪ್ಪುಪ್ಪು ಅನ್ಸುತ್ತೆ ಕಣೇ" ಅಂದಳು. ಅವಳ ನಾಲಿಗೆ ಸರಿಯಾಗೇ ಹೇಳಿತ್ತು. ಹೊಸ ರೆಸಿನ್ ಶುರುವಿನಲ್ಲಿ ಬೈಕಾರ್ಬನೇಟ್, ಸಲ್ಫೇಟ್‌ಗಳನ್ನೂ ಹಿಡಿದು ಕ್ಲೋರೈಡ್ ಬಿಡುತ್ತೆ. ಶುರುವಿನ ನೀರನ್ನು ಕುಡಿಯಲು ಬಳಸಬೇಡಿ.

ನೀರಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ಯುರೇನಿಯಂ ತೋರಿಸಲ್ಲ. ಲ್ಯಾಬ್ ಪರೀಕ್ಷೆಯೇ ಆಗಬೇಕು. ಈ ರೆಸಿನ್ ಫ್ಲೋರೈಡನ್ನೂ ಸರಿಯಾಗಿ ತೆಗೆಯಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು.

ರೆಸಿನ್ ಯುರೇನಿಯಂ ಹಿಡಿದು ಹಿಡಿದು ಭರ್ತಿಯಾದ ಮೇಲೆ ಉಪ್ಪುನೀರಿನಿಂದ ತೊಳೆದರೆ ಮತ್ತೆ ಬಳಸಬಹುದು. ನಾನು ಮನೆಯಲ್ಲಿ ತೊಳೆಯುವುದಿಲ್ಲ. ಸಾವಿರಾರು ಲೀಟರಿನ ಯುರೇನಿಯಂ ಒಂದೆರಡು ಬಕೆಟ್ ಉಪ್ಪುನೀರಿಗೆ ಇಳಿದಿರುತ್ತೆ, ಅದನ್ನು ತೋಟಕ್ಕೆ ಚೆಲ್ಲೋಕಾಗುತ್ತಾ? ಹೀಗಾಗಿ ಮನೆಗೊಂದು ಪೈಪಿಗಿಂತ ಊರಿಗೊಂದು ಘಟಕ, ಹಳೇ ರೆಸಿನ್ ವಾಪಸ್ ಪಡೆಯುವ ವ್ಯವಸ್ಥೆ ಸರಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಹಳೇ ಮಣಿಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ದಿನಾಂಕ ಬರೆದು, ಲ್ಯಾಬ್‌ಗೆ ಕೊಟ್ಟುಬಂದೆ.