ಪೌರತ್ವ ಇಲ್ಲದಿದ್ದರೂ ಒಂದು ವೋಟು: ಸ್ಯಾನ್ ಫ್ರಾನ್ಸಿಸ್ಕೋದ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತ ಹಾಕುವುದು ಹೇಗೆ?

ಎಚ್‌1ಬಿ ಮೇಲೋ ಗ್ರೀನ್ ಕಾರ್ಡ್ ಮೇಲೋ ಅಮೆರಿಕದಲ್ಲಿರುವ ನಮ್ಮವರಿಗೆ ಅಲ್ಲಿನ ಚುನಾವಣೆ ಟಿವಿಯಲ್ಲಿ ನೋಡಿ ಹರಟುವ ವಿಷಯವಷ್ಟೇ. ತೆರಿಗೆ ಕಟ್ಟಬೇಕು, ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಬೇಕು, ವೋಟು ಮಾತ್ರ ಇಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆ ಮಾಡಿರುವ ತಂದೆ ತಾಯಂದಿರಿಗೆ ಒಂದು ವೋಟು ಇದೆ. 2016ರ ನವೆಂಬರಿನಲ್ಲಿ ನಗರದ ಮತದಾರರು ‘ಪ್ರಾಪೊಸಿಷನ್ ಎನ್’ ಎಂಬ ಪ್ರಸ್ತಾವವನ್ನು ಗೆಲ್ಲಿಸಿದರು. ಮಕ್ಕಳಿರುವ ವಲಸಿಗರು ಪೌರತ್ವ ಇಲ್ಲದೆಯೂ ಸ್ಕೂಲ್ ಬೋರ್ಡ್, ಅಂದರೆ ನಗರದ ಸರ್ಕಾರಿ ಶಾಲೆಗಳ ಆಡಳಿತ ಮಂಡಳಿಯ ಸದಸ್ಯರ ಆಯ್ಕೆಯಲ್ಲಿ ಮತ ಹಾಕಬಹುದು ಎಂಬುದು ಅದರ ತಿರುಳು. 2018ರಲ್ಲಿ ಮೊದಲ ಸಲ ಅದು ಜಾರಿಗೆ ಬಂತು. 2022ರಲ್ಲಿ ಒಬ್ಬ ನ್ಯಾಯಾಧೀಶರು ಇದು ಕ್ಯಾಲಿಫೋರ್ನಿಯಾ ಸಂವಿಧಾನಕ್ಕೆ ವಿರುದ್ಧ ಎಂದು ತಳ್ಳಿಹಾಕಿದರು; 2023ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿ ಹಕ್ಕನ್ನು ಎತ್ತಿಹಿಡಿಯಿತು.

2018ರಲ್ಲಿ ಈ ಹಕ್ಕು ಬಳಸಿದವರು ನೂರು ಮಂದಿಯೂ ಇರಲಿಲ್ಲ. ಅವರನ್ನು ಉದಾಸೀನರು ಎಂದು ಬೈಯುವಂತಿಲ್ಲ. ಅರ್ಜಿಯ ಒಂದು ತಪ್ಪು ಗೆರೆ ವೀಸಾಕ್ಕೇ ಕುತ್ತು ತರಬಹುದು ಎಂಬ ಹೆದರಿಕೆ ಬುಡವಿಲ್ಲದ್ದಲ್ಲ. ಅದಕ್ಕೇ ಈ ಲೇಖನದಲ್ಲಿ ಮತ ಹಾಕುವ ವಿಧಾನಕ್ಕಿಂತ ಅದಕ್ಕೆ ಮುಂಚಿನ ಕೆಲಸದ ಬಗ್ಗೆಯೇ ಹೆಚ್ಚು ಮಾತು.

ಮೊದಲು ನಿಮ್ಮ ವಿಳಾಸ ನೋಡಿಕೊಳ್ಳಿ

‘ಬೇ ಏರಿಯಾ’ ಎಂದರೆ ಸ್ಯಾನ್ ಫ್ರಾನ್ಸಿಸ್ಕೋ ಅಲ್ಲ. ಕನ್ನಡಿಗರು ಹೆಚ್ಚಾಗಿ ಇರುವುದು ಫ್ರೀಮಾಂಟ್, ಸನಿವೇಲ್, ಸ್ಯಾಂಟಾ ಕ್ಲಾರಾ, ಸ್ಯಾನ್ ಹೊಸೆ ಕಡೆ. ಅಲ್ಲಿನವರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಈ ಕಾನೂನು ಅನ್ವಯಿಸುವುದಿಲ್ಲ. ಆಫೀಸು ನಗರದಲ್ಲಿದ್ದು ಮನೆ ಡೇಲಿ ಸಿಟಿಯಲ್ಲಿದ್ದರೂ ಆಗದು.

ನಗರದೊಳಗೇ ವಾಸವಿದ್ದರೆ ಉಳಿದ ಷರತ್ತುಗಳು ಸುಲಭ. ವಯಸ್ಸು 18 ತುಂಬಿರಬೇಕು. ನಗರದಲ್ಲೇ ವಾಸಿಸುವ, 19 ತುಂಬದ ಮಗುವಿನ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರಾಗಿರಬೇಕು. ಎಚ್‌1ಬಿ, ಎಚ್‌4, ಗ್ರೀನ್ ಕಾರ್ಡ್ ಎಂಬ ಭೇದವನ್ನು ಈ ಕಾನೂನು ಮಾಡುವುದಿಲ್ಲ. ಮಗುವನ್ನು ನೋಡಿಕೊಳ್ಳುವ ಬಂಧುಗಳಿಗೂ ಅವಕಾಶವಿದೆ, ಆದರೆ ಅದಕ್ಕೆ ಕಾನೂನಿನ ವ್ಯಾಖ್ಯೆಯೇ ಬೇರೆ. ಬಾಣಂತನಕ್ಕೆಂದು ಪ್ರವಾಸಿ ವೀಸಾದಲ್ಲಿ ಆರು ತಿಂಗಳಿಗೆ ಬಂದ ಅಜ್ಜಿ ಹಗಲೂ ರಾತ್ರಿ ಮೊಮ್ಮಗುವನ್ನೇ ನೋಡಿಕೊಳ್ಳುತ್ತಿರಬಹುದು. ಅವರ ಹೆಸರನ್ನು ಮಾತ್ರ ಎಲ್ಲೂ ನೋಂದಾಯಿಸಲು ಹೋಗಬೇಡಿ.

ಅರ್ಜಿಗೆ ಮುಂಚೆ ವಕೀಲರು

ಈ ಹೆಜ್ಜೆಯನ್ನು ಹಾರಿಸಿ ಮುಂದಿನದಕ್ಕೆ ಹೋಗಬೇಡಿ. ಅರ್ಜಿಯ ಜೊತೆ ನಗರದ ಚುನಾವಣಾ ಇಲಾಖೆಯೇ ಒಂದು ಎಚ್ಚರಿಕೆ ಕೊಡುತ್ತದೆ: ನೀವು ಕೊಡುವ ಹೆಸರು, ವಿಳಾಸ ವಲಸೆ ಅಧಿಕಾರಿಗಳ ಕೈಗೂ ಸಿಗಬಹುದು, ಆದ್ದರಿಂದ ಮೊದಲು ವಲಸೆ ವಕೀಲರನ್ನು ಕೇಳಿ ಎಂದು. ಇದನ್ನು ಸಿಗರೇಟು ಪ್ಯಾಕಿನ ಮೇಲಿನ ಸಾಲಿನಂತೆ ಓದಿ ಬಿಡುವಂತಿಲ್ಲ.

ಕಾರಣ ಹೀಗಿದೆ. ಅಧ್ಯಕ್ಷ, ಸೆನೆಟ್, ಕಾಂಗ್ರೆಸ್ ಸ್ಥಾನಗಳ ಚುನಾವಣೆಯಲ್ಲಿ ಪೌರರಲ್ಲದವರು ಮತ ಹಾಕುವುದು 1996ರ ಕಾನೂನಿನ ಪ್ರಕಾರ ಅಪರಾಧ. ಜೈಲು ಆಗಬಹುದು, ಗಡೀಪಾರೂ ಆಗಬಹುದು. ನಾಳೆ ಪೌರತ್ವಕ್ಕೆ ಎನ್‌-400 ಅರ್ಜಿ ತುಂಬುವಾಗ ಮತದಾರರಾಗಿ ನೋಂದಾಯಿಸಿಕೊಂಡಿದ್ದಿರಾ, ಮತ ಹಾಕಿದ್ದಿರಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ನೀವು ಹಾಕಿದ್ದು ಕಾನೂನುಬದ್ಧವಾದ ಸ್ಥಳೀಯ ಮತ ಎಂಬುದಕ್ಕೆ ದಾಖಲೆ ನಿಮ್ಮ ಕೈಯಲ್ಲಿ ಇರಬೇಕು. ಅರ್ಜಿ, ಮತಪತ್ರದ ಜೊತೆ ಬಂದ ಕಾಗದ, ಎಲ್ಲದರ ಪ್ರತಿ ತೆಗೆದು ಒಂದು ಫೈಲಿನಲ್ಲಿ ಹಾಕಿಡಿ.

ಗ್ರೀನ್ ಕಾರ್ಡಿನ ಸರದಿ ಹತ್ತಿರ ಬಂದಿದೆ, ಕಂಪನಿಯ ವಕೀಲರು ಬೇಡ ಎನ್ನುತ್ತಿದ್ದಾರೆ ಎಂದರೆ ಬಿಟ್ಟುಬಿಡಿ. ನನ್ನ ಕೇಳಿದರೆ ಅದರಲ್ಲಿ ನಾಚಿಕೆಯ ಮಾತೇನಿಲ್ಲ. ಬೋರ್ಡಿನ ಮೇಲೆ ಪ್ರಭಾವ ಬೀರಲು ಇನ್ನೊಂದು ದಾರಿ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಸರಿಯಾದ ಅರ್ಜಿ ಯಾವುದು?

ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದ ಸಾಮಾನ್ಯ ಮತದಾರರ ನೋಂದಣಿ ಅರ್ಜಿಯ ಮೊದಲ ಪ್ರಶ್ನೆಯೇ ‘ನೀವು ಅಮೆರಿಕದ ಪೌರರೇ?’ ಎಂಬುದು. ಆ ಅರ್ಜಿ ನಿಮಗಲ್ಲ. ಆನ್‌ಲೈನಿನಲ್ಲಿ ‘ವೋಟರ್ ರಿಜಿಸ್ಟ್ರೇಷನ್’ ಎಂದು ಹುಡುಕಿದರೆ ಮೊದಲು ಸಿಗುವುದು ಅದೇ. ಬೀದಿಯಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ನಿಂತ ಸ್ವಯಂಸೇವಕರು ಕೊಡುವುದೂ ಅದೇ. ಅಲ್ಲಿನ ಆರ್‌ಟಿಒ ಆದ ಡಿಎಂವಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಪರದೆಯ ಮೇಲೆ ಬರುವ ಮತದಾರರ ಪ್ರಶ್ನೆಗಳೂ ಪೌರರಿಗೆ ಮಾತ್ರ. ಹಿಂದೆ ಸಾಲು ಬೆಳೆಯುತ್ತಿದೆ ಎಂದು ಗಡಿಬಿಡಿಯಲ್ಲಿ ಒತ್ತುತ್ತಾ ಹೋಗಬೇಡಿ, ಪೌರತ್ವದ ಪ್ರಶ್ನೆ ಬಂದಾಗ ನಿಂತು ಓದಿ.

ನಿಮಗೆ ಬೇಕಾದ್ದು ಪೌರರಲ್ಲದ ತಂದೆತಾಯಿಗಳಿಗೆಂದೇ ಸ್ಯಾನ್ ಫ್ರಾನ್ಸಿಸ್ಕೋ ಚುನಾವಣಾ ಇಲಾಖೆ ಮಾಡಿರುವ ಪ್ರತ್ಯೇಕ ಅರ್ಜಿ. ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಸಿಟಿ ಹಾಲ್‌ನ ಕಚೇರಿಯಲ್ಲೂ ಸಿಗುತ್ತದೆ. ಮೊದಲ ಸಲ ತುಂಬುವವರು ಸಿಟಿ ಹಾಲ್‌ಗೇ ಹೋಗುವುದು ಒಳ್ಳೆಯದು. ಕೌಂಟರಿನಲ್ಲಿ ‘ಇದು ಸ್ಕೂಲ್ ಬೋರ್ಡಿಗೆ ಮಾತ್ರ ತಾನೇ?’ ಎಂದು ಒಮ್ಮೆ ಬಾಯಿಬಿಟ್ಟು ಕೇಳಿ, ಆಮೇಲೆ ಬರೆಯಿರಿ. ಚುನಾವಣೆಗೆ 15 ದಿನ ಇರುವಾಗಲೇ ಅರ್ಜಿ ತಲುಪಿಸಿದರೆ ತಲೆನೋವಿಲ್ಲ.

ಸಹಿಯ ಬಗ್ಗೆ ಒಂದು ಮಾತು. ಅಂಚೆಯಲ್ಲಿ ಬರುವ ಮತಪತ್ರದ ಲಕೋಟೆಯ ಮೇಲಿನ ಸಹಿಯನ್ನು ಅರ್ಜಿಯ ಸಹಿಯೊಂದಿಗೆ ಹೋಲಿಸಿ ನೋಡುತ್ತಾರೆ. ಬ್ಯಾಂಕಿಗೆ ಇಂಗ್ಲಿಷ್, ಪಾಸ್‌ಪೋರ್ಟಿಗೆ ಕನ್ನಡ ಎಂದು ಎರಡು ಸಹಿ ಇಟ್ಟುಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ. ಅರ್ಜಿಗೆ ಯಾವುದು ಹಾಕಿದಿರೋ ಲಕೋಟೆಗೂ ಅದನ್ನೇ ಹಾಕಿ.

ಯಾರಿಗೆ ಹಾಕುವುದು?

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೆ. ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಒಂದು ಶಾಲೆಯ ಪಾಲಕರದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಡೀ ನಗರದ ನೂರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿಗೆ ಒಂದೇ ಬೋರ್ಡ್. ಸದಸ್ಯರು 7 ಮಂದಿ, ಅವಧಿ 4 ವರ್ಷ. ಎಲ್ಲರ ಅವಧಿ ಒಟ್ಟಿಗೆ ಮುಗಿಯುವುದಿಲ್ಲ: 2022ರಲ್ಲಿ 3 ಸ್ಥಾನ, 2024ರಲ್ಲಿ 4 ಸ್ಥಾನ, ಹೀಗೆ ಸಮಸಂಖ್ಯೆಯ ವರ್ಷಗಳ ನವೆಂಬರಿನಲ್ಲಿ ಸರದಿ. ವಾರ್ಡ್ ಇಲ್ಲ, ಮತಪತ್ರದಲ್ಲಿ ಪಕ್ಷದ ಹೆಸರೂ ಇಲ್ಲ. ಅದರಿಂದಲೇ ಹೆಸರು ನೋಡಿ ವೋಟು ಹಾಕುವ ಚಾಳಿ ಇಲ್ಲಿ ಜೋರು. 2024ರಲ್ಲಿ ಗೆದ್ದ ನಾಲ್ವರಲ್ಲಿ ಪರಾಗ್ ಗುಪ್ತಾ, ಸುಪ್ರಿಯಾ ರೇ ಇದ್ದರು. ಹೆಸರು ಕೇಳಿ ನಮ್ಮವರು ಎಂದು ಹಿಗ್ಗುವುದರಲ್ಲಿ ತಪ್ಪಿಲ್ಲ, ಆದರೆ ಅವರ ನಿಲುವು ಓದದೆ ಹಿಗ್ಗಿದರೆ ಏನು ಬಂತು?

ಬೋರ್ಡಿನ ಕೈಯಲ್ಲಿರುವುದು ಏನು ಎಂದು ತಿಳಿದರೆ ಅಭ್ಯರ್ಥಿಯನ್ನು ಏನು ಕೇಳಬೇಕೆಂದೂ ತಿಳಿಯುತ್ತದೆ. ನಿಮ್ಮ ಮಗಳ ತರಗತಿಯ ಟೀಚರನ್ನು ಬದಲಾಯಿಸುವುದು ಬೋರ್ಡಿನ ಕೆಲಸವಲ್ಲ. ಶಾಲೆಗಳ ಮುಖ್ಯ ಆಡಳಿತಾಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುವುದು, ನೂರು ಕೋಟಿ ಡಾಲರಿಗೂ ಮೀರಿದ ಬಜೆಟ್ಟಿಗೆ ಒಪ್ಪಿಗೆ ಕೊಡುವುದು, ಶಾಲೆ ಮುಚ್ಚುವುದು ಬಿಡುವುದು, ಯಾವ ಮಗುವಿಗೆ ಯಾವ ಶಾಲೆ ಎಂಬ ಲಾಟರಿಯ ನಿಯಮ ಮಾಡುವುದು ಅದರ ಕೆಲಸ.

ಗಣಿತದ ಕಥೆ ನಮ್ಮವರಿಗೆ ಬೇಗ ತಾಗುತ್ತದೆ. 2014ರಲ್ಲಿ ಎಂಟನೇ ತರಗತಿಯಿಂದ ಬೀಜಗಣಿತವನ್ನು ತೆಗೆದು ಒಂಬತ್ತನೆಯದಕ್ಕೆ ತಳ್ಳಿದರು. ಎಲ್ಲ ಮಕ್ಕಳೂ ಒಟ್ಟಿಗೆ ಸಾಗಲಿ ಎಂಬುದು ಉದ್ದೇಶ. ಮಗ ಮುಂದೆ ಕ್ಯಾಲ್ಕುಲಸ್ ಮುಟ್ಟುವುದು ಯಾವಾಗ ಎಂದು ಲೆಕ್ಕ ಹಾಕುವ ಪಾಲಕರು ಹೊರಗೆ ಟ್ಯೂಷನ್ ಹುಡುಕಿದರು. ಟ್ಯೂಷನ್ನಿಗೆ ದುಡ್ಡಿಲ್ಲದವರ ಮಕ್ಕಳು ಕಾದರು. 2024ರ ಫೆಬ್ರವರಿಯಲ್ಲಿ ಬೋರ್ಡ್ ಅದನ್ನು ಎಂಟಕ್ಕೆ ಮರಳಿ ತರಲು ಒಪ್ಪಿತು. ಮರು ತಿಂಗಳೇ ‘ಪ್ರಾಪೊಸಿಷನ್ ಜಿ’ ಎಂಬ ಸಲಹಾ ಮತದಾನದಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಬೀಜಗಣಿತ ಬೇಕು ಎಂದರು. ಆದ್ದರಿಂದ ಈಗ ‘ಗಣಿತಕ್ಕೆ ಬೆಂಬಲ’ ಎಂದು ಎಲ್ಲ ಅಭ್ಯರ್ಥಿಗಳೂ ಹೇಳುತ್ತಾರೆ. ನೀವು ಕೇಳಬೇಕಾದ್ದು: ಎಲ್ಲ ಶಾಲೆಯಲ್ಲೂ ಕಲಿಸಲು ಶಿಕ್ಷಕರು ಎಲ್ಲಿಂದ, ದುಡ್ಡು ಯಾವ ಲೆಕ್ಕದಿಂದ?

ದುಡ್ಡಿನ ಪ್ರಶ್ನೆಯನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಈ ಶಾಲಾ ಜಿಲ್ಲೆಯ ದೊಡ್ಡ ಗಾಯಗಳೆಲ್ಲ ಅಲ್ಲೇ. 2022ರ ಜನವರಿಯಲ್ಲಿ ಸಂಬಳದ ಹೊಸ ಸಾಫ್ಟ್‌ವೇರ್ ಚಾಲೂ ಮಾಡಿದರು. ಶಿಕ್ಷಕರಿಗೆ ಸಂಬಳ ಅರ್ಧಂಬರ್ಧ, ಕೆಲವರಿಗೆ ಅದೂ ಇಲ್ಲ. ಐಟಿಯಲ್ಲಿ ಇರುವವರಿಗೆ ಇಂಥ ‘ಗೋ-ಲೈವ್’ ಹೊಸದಲ್ಲ ಬಿಡಿ. 2024ರಲ್ಲಿ ಶಾಲೆ ಮುಚ್ಚುವ ಪಟ್ಟಿ ಹೊರಬಿದ್ದು, ಜನ ಸಿಟ್ಟಿಗೆದ್ದು, ಯೋಜನೆ ನಿಂತುಹೋಗಿ, ಸೂಪರಿಂಟೆಂಡೆಂಟ್ ಮ್ಯಾಟ್ ವೇನ್ ಹುದ್ದೆ ಬಿಟ್ಟರು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ನಗರದಲ್ಲಿ ‘ಒಂದು ಶಾಲೆಯನ್ನೂ ಮುಚ್ಚುವುದಿಲ್ಲ’ ಎಂದು ಭಾಷಣ ಬಿಗಿಯುವ ಅಭ್ಯರ್ಥಿಗೆ ಬಜೆಟ್ಟಿನ ಹಾಳೆ ತೋರಿಸಿ ಎಂದು ಕೇಳಿ.

ಬೋರ್ಡ್ ದಾರಿ ತಪ್ಪಿದರೆ ಜನ ಸುಮ್ಮನಿರುವುದಿಲ್ಲ ಎಂಬುದಕ್ಕೂ ಇಲ್ಲಿ ಉದಾಹರಣೆ ಇದೆ. 2021ರಲ್ಲಿ ಕೋವಿಡ್‌ನಿಂದ ತರಗತಿಗಳು ಮುಚ್ಚಿದ್ದಾಗ, ಬೋರ್ಡ್ ಲಿಂಕನ್, ವಾಷಿಂಗ್ಟನ್ ಹೆಸರಿನವೂ ಸೇರಿ 44 ಶಾಲೆಗಳ ಹೆಸರು ಬದಲಿಸಲು ಹೊರಟಿತು. ಅದರ ಜೊತೆಗೇ ಹೆಸರಾಂತ ಲೋವೆಲ್ ಹೈಸ್ಕೂಲಿಗೆ ಅಂಕ ನೋಡಿ ಸೇರಿಸಿಕೊಳ್ಳುವ ಪದ್ಧತಿಯನ್ನು ತೆಗೆಯಿತು. 2022ರ ಫೆಬ್ರವರಿ 15ರಂದು ಮೂವರು ಸದಸ್ಯರನ್ನು ಜನ ಭಾರಿ ಬಹುಮತದಿಂದ ವಾಪಸ್ ಕರೆಸಿದರು. ಹೀಗೆ ತೆರವಾದ ಸ್ಥಾನ ತುಂಬುವವರು ಮೇಯರ್. ಹಾಗಾಗಿ ಅಭ್ಯರ್ಥಿ ಮೊದಲು ನೇಮಕವಾಗಿ ಬಂದವರೋ, ಗೆದ್ದು ಬಂದವರೋ ಎಂದೂ ನೋಡಿ.

ಓದಲು ಎಲ್ಲಿ ಸಿಗುತ್ತದೆ? ಮತದಾರರ ಮಾಹಿತಿ ಪುಸ್ತಿಕೆಯಲ್ಲಿ ಅಭ್ಯರ್ಥಿಗಳ ಹೇಳಿಕೆಗಳಿರುತ್ತವೆ. ಅದಕ್ಕಿಂತ ಬೆಂಬಲಿಗರ ಪಟ್ಟಿ ಹೆಚ್ಚು ಮಾತಾಡುತ್ತದೆ: ಶಿಕ್ಷಕರ ಸಂಘ ಯಾರ ಹಿಂದಿದೆ, ಪಾಲಕರ ಗುಂಪುಗಳು ಯಾರ ಹಿಂದಿವೆ. ಚಂದಾ ಕೊಟ್ಟವರ ವಿವರ ನಗರದ ಎಥಿಕ್ಸ್ ಕಮಿಷನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಈಗಾಗಲೇ ಬೋರ್ಡಿನಲ್ಲಿರುವವರಾದರೆ ಸಭೆಯ ವಿಡಿಯೊ ನೋಡಿ. ಸಭೆ ನಡೆಯುವುದು 555 ಫ್ರಾಂಕ್ಲಿನ್ ಸ್ಟ್ರೀಟಿನಲ್ಲಿ, ರಾತ್ರಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಬೇಡಿ.

ಆಗಲೇ ಹೇಳಿದ ಇನ್ನೊಂದು ದಾರಿ ಇದೇ. ಕ್ಯಾಲಿಫೋರ್ನಿಯಾದ ‘ಬ್ರೌನ್ ಆ್ಯಕ್ಟ್’ ಪ್ರಕಾರ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಬೇಕು. ಮೈಕಿನ ಮುಂದೆ ಪೌರತ್ವ ಕೇಳುವವರಿಲ್ಲ. ಸಿಗುವುದು ಒಂದೆರಡು ನಿಮಿಷ. ನಮಸ್ಕಾರ, ಪರಿಚಯ ಎಂದು ಶುರು ಮಾಡಿದರೆ ಅಲ್ಲೇ ಮುಗಿಯುತ್ತದೆ. ಕಾರ್ಯಸೂಚಿಯ ಯಾವ ವಿಷಯ, ನಿಮಗೇನು ಬೇಕು ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ.

ಮತಪತ್ರ ಕೈಗೆ ಬಂದ ಮೇಲೆ

ಲಕೋಟೆ ತೆರೆದ ಕೂಡಲೇ ಮಾಡಬೇಕಾದ ಕೆಲಸ ಒಂದು: ಸ್ಕೂಲ್ ಬೋರ್ಡ್ ಬಿಟ್ಟು ಬೇರೆ ಸ್ಪರ್ಧೆಗಳ ಹೆಸರೂ ಅದರಲ್ಲಿ ಇವೆಯೇ ನೋಡಿ. ಇದ್ದರೆ ಅದು ನಿಮಗೆ ಬರಬಾರದಿದ್ದ ಮತಪತ್ರ. ಗುರುತು ಹಾಕಬೇಡಿ, ಚುನಾವಣಾ ಇಲಾಖೆಗೆ ಫೋನ್ ಮಾಡಿ.

ಸರಿಯಾದದ್ದೇ ಬಂದಿದ್ದರೆ ಎಷ್ಟು ಸ್ಥಾನಗಳಿವೆಯೋ ಅಷ್ಟು ಹೆಸರುಗಳ ಮುಂದಿನ ಅಂಡಾಕಾರವನ್ನು ಪೆನ್ನಿನಿಂದ ತುಂಬಿ. ಮೇಯರ್ ಚುನಾವಣೆಯಂತೆ ಒಂದನೇ ಆಯ್ಕೆ, ಎರಡನೇ ಆಯ್ಕೆ ಎಂಬ ಲೆಕ್ಕ ಇಲ್ಲಿಲ್ಲ. ಕಡಿಮೆ ಹೆಸರಿಗೆ ಹಾಕಿದರೆ ನಡೆಯುತ್ತದೆ. ಒಂದು ಹೆಚ್ಚಾದರೂ ಅಷ್ಟೂ ಮತ ದಂಡ. ಗಂಡ ಹೆಂಡತಿ ಇಬ್ಬರದೂ ಒಂದೇ ದಿನ ಬಂದಿದ್ದರೆ ಲಕೋಟೆ ಅದಲುಬದಲಾಗದಂತೆ ನೋಡಿಕೊಳ್ಳಿ, ಸಹಿ ಹೊಂದದೆ ಎರಡೂ ತಡೆಯುತ್ತವೆ. ನಗರದ ಅಧಿಕೃತ ಪೆಟ್ಟಿಗೆಗೆ ಹಾಕಬಹುದು, ಸಿಟಿ ಹಾಲ್‌ನಲ್ಲೂ ಕೊಡಬಹುದು. ಚುನಾವಣೆಯ ದಿನ ಮತಗಟ್ಟೆಗಳು ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ತೆರೆದಿರುತ್ತವೆ.

ಈ ನೋಂದಣಿ ಆ ಒಂದು ಚುನಾವಣೆಗೆ ಮಾತ್ರ. ಮುಂದಿನ ಸಲ ಅದೇ ಅರ್ಜಿಯನ್ನು ಮತ್ತೆ ತುಂಬಬೇಕು, ಅಷ್ಟರಲ್ಲಿ ವೀಸಾ ಬದಲಾಗಿದ್ದರೆ ವಕೀಲರನ್ನೂ ಮತ್ತೆ ಕೇಳಬೇಕು.