ಹಳೆ ಗ್ಯಾಸ್ ಟರ್ಬೈನ್‌ಗೆ ಪಿಎಲ್‌ಸಿ ಹಾಕುವ ಮುಂಚೆ

ಪೀಣ್ಯದ ನಮ್ಮ ಶೆಡ್‌ಗೆ ಹಳೆ ಟರ್ಬೈನ್‌ನ ರಿಲೇ ಪ್ಯಾನಲ್ ಬಂದರೆ, ರಿಲೇಗಳ ಜಾಗಕ್ಕೆ ಬರುವ ಪಿಎಲ್‌ಸಿಗೆ (ಯಂತ್ರ ನಡೆಸುವ ಕೈಗಾರಿಕಾ ಕಂಪ್ಯೂಟರ್) ನಾನು ಮೊದಲೇ ಪ್ರೋಗ್ರಾಂ ಬರೆಯಲು ಕೂರುವುದಿಲ್ಲ. ಡ್ರಾಯಿಂಗ್ ಹಿಡಿದು ಒಂದೊಂದೇ ವೈರ್ ಹುಡುಕುತ್ತೇನೆ. ಡ್ರಾಯಿಂಗ್‌ನಲ್ಲಿ ಇಲ್ಲದ ಜಂಪರ್ (ಮಧ್ಯೆ ಸೇರಿಸಿದ ತುಂಡು ವೈರ್) ಒಂದಾದರೂ ಸಿಕ್ಕೇ ಸಿಗುತ್ತದೆ.

ಆಮೇಲೆ ಸ್ಟಾರ್ಟ್ ಆಗುವ ಕ್ರಮವನ್ನು ಕಾಗದದ ಮೇಲೆ ಬರೆಯಿರಿ. ಲೂಬ್ ಆಯಿಲ್ ಪ್ರೆಶರ್, ಕ್ರ್ಯಾಂಕಿಂಗ್ (ಸ್ಟಾರ್ಟರ್‌ನಿಂದ ತಿರುಗಿಸುವುದು), ಪರ್ಜ್ (ಒಳಗೆ ಉಳಿದ ಗ್ಯಾಸನ್ನು ಗಾಳಿಯಿಂದ ಹೊರಹಾಕುವುದು), ಇಗ್ನಿಷನ್, ಫ್ಲೇಮ್ ಬಂತಾ ಅನ್ನುವ ಖಾತ್ರಿ. ಪರ್ಜ್ ಸಮಯ ಮಾತ್ರ ಕಡಿಮೆ ಮಾಡಲೇಬೇಡಿ. ಒಳಗೆ ಉಳಿದ ಗ್ಯಾಸ್‌ಗೆ ಕಿಡಿ ತಗುಲಿದರೆ ಸಿಡಿಯುತ್ತದೆ.

ಜಾಸ್ತಿ ಹೊತ್ತು ಕೊಡಬೇಕಾದ್ದು ಓವರ್‌ಸ್ಪೀಡ್‌ಗೆ. ಜನರೇಟರ್ ಬ್ರೇಕರ್ ದಿಢೀರನೆ ಬಿದ್ದರೆ, ಲೋಡ್ ಕಳೆದುಕೊಂಡ ರೋಟರ್ ಕ್ಷಣದಲ್ಲಿ ವೇಗ ಏರಿಸಿಕೊಳ್ಳುತ್ತದೆ ಅಲ್ವಾ? ಟ್ರಿಪ್, ಅಂದರೆ ಟರ್ಬೈನ್ ತಾನಾಗೇ ನಿಲ್ಲುವ ಮಿತಿ, ಸಾಮಾನ್ಯವಾಗಿ ರೇಟೆಡ್ ವೇಗದ ಶೇ. 110ರ ಆಸುಪಾಸು ಇರುತ್ತದೆ. ಮೂರು ಸ್ಪೀಡ್ ಪಿಕಪ್ (ವೇಗ ಅಳೆಯುವ ಸೆನ್ಸರ್) ಹಾಕಿ, ಎರಡು ಒಪ್ಪಿದರೆ ಟ್ರಿಪ್ ಆಗಲಿ. ಇದನ್ನು ಪಿಎಲ್‌ಸಿ ಒಂದಕ್ಕೇ ಬಿಡಬೇಡಿ. ಬೇರೆಯದೇ ಟ್ರಿಪ್ ಮಾಡ್ಯೂಲ್‌ನಿಂದ ಗ್ಯಾಸ್ ವಾಲ್ವ್‌ಗೆ ನೇರ ವೈರ್ ಎಳೆಯಿರಿ. ಕರೆಂಟ್ ಹೋದರೆ ವಾಲ್ವ್ ತಾನಾಗೇ ಮುಚ್ಚಿಕೊಳ್ಳಬೇಕು.

ಎಕ್ಸಾಸ್ಟ್‌ನ ಬಿಸಿ ಅಳೆಯುವ ಥರ್ಮೋಕಪಲ್‌ಗೆ ಅದರದೇ ಕೇಬಲ್ ಬೇಕು. ಒಮ್ಮೆ ಸಾದಾ ತಾಮ್ರದ ವೈರ್ ಎಳೆದಿದ್ದೆ. ತಪ್ಪು ರೀಡಿಂಗ್ ಹಿಂದೆ ಎರಡು ದಿನ ಹೋಯಿತು.

ಸೈಟ್‌ಗೆ ಕಳಿಸುವ ಮುಂಚೆ ಶೆಡ್‌ನಲ್ಲೇ 4ರಿಂದ 20 ಮಿಲಿಆಂಪ್ ಸಿಗ್ನಲ್ ಕೊಟ್ಟು ನೋಡಿ. ವೈರ್ ಕಿತ್ತೂ ನೋಡಿ. ಅತಿ ಕಡಿಮೆ ರೀಡಿಂಗ್‌ಗೂ 4 ಮಿಲಿಆಂಪ್ ಇರುತ್ತದೆ, ಹಾಗಾಗಿ ಸೊನ್ನೆಗೆ ಇಳಿದರೆ ಅದು ವೈರ್ ಕಡಿದ ಲೆಕ್ಕ, ಕಡಿಮೆ ಪ್ರೆಶರ್ ಅಲ್ಲ.