ಗಂಧದ ಊರಿನಲ್ಲಿ ನಾಲ್ಕು ದಿನ: ವಿಯೆಂಟಿಯಾನ್‌ನಲ್ಲಿ ನನ್ನ ಅನುಭವ

ಬ್ಯಾಂಕಾಕಿನಿಂದ ರಾತ್ರಿ ರೈಲು ಹತ್ತಿ ನಾನೂ ತಂಗಿಯೂ ನೋಂಗ್ ಖಾಯ್‌ನಲ್ಲಿ ಇಳಿದಾಗ ಬೆಳಗಾಗಿತ್ತು. ಅದು ಥಾಯ್ಲೆಂಡಿನ ಗಡಿ ಊರು. ಮೆಕಾಂಗ್ ನದಿ ದಾಟಿದರೆ ಲಾವೋಸ್. ನದಿಗೆ ಅಡ್ಡಲಾಗಿ 1994ರಲ್ಲಿ ತೆರೆದ ಸ್ನೇಹ ಸೇತುವೆ ಇದೆ, ಅದರ ಮೇಲೆ ಬಸ್ಸುಗಳು ಆ ಕಡೆಗೂ ಈ ಕಡೆಗೂ ಓಡಾಡುತ್ತಲೇ ಇರುತ್ತವೆ. ಥಾಯ್ಲೆಂಡಿನಲ್ಲಿ ನಮ್ಮ ಹಾಗೆಯೇ ರಸ್ತೆಯ ಎಡಕ್ಕೆ ಹೋಗುವ ಬಸ್ಸು ಲಾವೋಸ್ ಕಡೆ ಇಳಿದ ಮೇಲೆ ಬಲಕ್ಕೆ ಹೊರಳುತ್ತದೆ. ಇ-ವೀಸಾವನ್ನು ಊರಲ್ಲಿದ್ದಾಗಲೇ ಮಾಡಿಸಿ ಪ್ರಿಂಟ್ ತೆಗೆದಿಟ್ಟಿದ್ದೆವು, ಹಾಗಾಗಿ ಗಡಿಯಲ್ಲಿ ತೊಂದರೆಯಾಗಲಿಲ್ಲ. 2024ರಿಂದ ಬ್ಯಾಂಕಾಕ್ ರೈಲು ಸೇತುವೆ ದಾಟಿ ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ವರೆಗೂ ಬರುತ್ತದೆ. ಆದರೂ ಸೇತುವೆಯನ್ನು ಬಸ್ಸಿನಲ್ಲಿ ದಾಟುವುದೇ ನನಗೆ ಇಷ್ಟ.

ವಿಯೆಂಟಿಯಾನ್‌ಗೆ ಒಂದು ದಿನ ಸಾಕು ಅಂತ ಎಲ್ಲರೂ ಹೇಳಿದ್ದರು. ಚೀನಾ ಜೊತೆ ಸೇರಿ ಕಟ್ಟಿದ ಹೊಸ ರೈಲು ಮಾರ್ಗ 2021ರ ಡಿಸೆಂಬರ್‌ನಲ್ಲಿ ಶುರುವಾಯಿತು. ಈಗ ಉತ್ತರದ ಪ್ರವಾಸಿ ಊರುಗಳಾದ ವಾಂಗ್ ವಿಯೆಂಗ್‌ಗೆ ಒಂದು ಗಂಟೆ, ಲುವಾಂಗ್ ಪ್ರಬಾಂಗ್‌ಗೆ ಸುಮಾರು ಎರಡು ಗಂಟೆ. ಹೀಗಾಗಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಬಂದವರು ರಾತ್ರಿ ಮಲಗಿ ಬೆಳಿಗ್ಗೆ ರೈಲು ಹಿಡಿಯುತ್ತಾರೆ. ನಾವು ನಾಲ್ಕು ದಿನ ಉಳಿದೆವು. ಐದು ದಿನ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು.

ಊರಿನ ಹೆಸರೇ ನಮ್ಮನ್ನು ಮೊದಲು ಹಿಡಿದಿಟ್ಟಿದ್ದು. ಅಲ್ಲಿಯವರು ಹೇಳುವುದು 'ವಿಯೆಂಗ್ ಚನ್'. ವಿಯೆಂಗ್ ಅಂದರೆ ಕೋಟೆಯ ಊರು, ಚನ್ ಅಂದರೆ ಚಂದನ. ಗಂಧದ ಊರು! ಗೆಸ್ಟ್‌ಹೌಸಿನ ಅಮ್ಮ ಗೋಡೆಯ ಕ್ಯಾಲೆಂಡರ್ ತೋರಿಸಿ ವಾರದ ಹೆಸರು ಹೇಳಿಕೊಟ್ಟರು. ಭಾನುವಾರ ಆಥಿತ್, ಸೋಮವಾರ ಚನ್, ಬುಧವಾರ ಫುತ್, ಶುಕ್ರವಾರ ಸುಕ್. ಆದಿತ್ಯ, ಚಂದ್ರ, ಬುಧ, ಶುಕ್ರ. ತಂಗಿ ಅವನ್ನು ದಿನವಿಡೀ ಹೇಳಿಕೊಳ್ಳುತ್ತಾ ಓಡಾಡಿದಳು.

ರೂಮನ್ನು ನದಿಯಿಂದ ಎರಡು ಬೀದಿ ಒಳಗೆ ಹಿಡಿದೆವು. ನದಿಗೆ ಮುಖ ಮಾಡಿದ ರೂಮಿಗೆ ಜಾಸ್ತಿ ದುಡ್ಡು ಕೊಡುವುದು ಬೇಡ, ನಡೆದರೆ ಐದು ನಿಮಿಷ. ನಾವು ಹೋಗಿದ್ದು ಫೆಬ್ರವರಿ. ಬೆಳಿಗ್ಗೆ ಹಿತವಾಗಿರುತ್ತದೆ, ಮಧ್ಯಾಹ್ನ ಬಿಸಿಲು ಚುರುಕು. ಬೆಳಿಗ್ಗೆ ಒಂದು ಕಡೆ ಹೋಗುವುದು, ಮಧ್ಯಾಹ್ನ ಮಲಗುವುದು, ನಾಲ್ಕೂವರೆಗೆ ಎದ್ದು ನದಿ ಕಡೆ ನಡೆಯುವುದು, ಇಷ್ಟೇ ನಮ್ಮ ದಿನಚರಿ. ಪಟ್ಟಿ ಮಾಡಿಕೊಂಡು ಓಡಿದರೆ ಈ ಊರು ಕೈಗೆ ಸಿಗುವುದಿಲ್ಲ.

ಮೊದಲ ದಿನ ಸೈಕಲ್ ಬಾಡಿಗೆಗೆ ತೆಗೆದುಕೊಂಡೆವು. ಅಂಗಡಿಯವರು ಅಡವಾಗಿ ಪಾಸ್‌ಪೋರ್ಟ್ ಕೇಳಿದರು, ನಾನು ಕೊಟ್ಟುಬಿಟ್ಟೆ. ಸಂಜೆ ವಾಪಸ್ ಬಂದರೆ ಅಂಗಡಿಗೆ ಬಾಗಿಲು. ಫೋನ್ ಎತ್ತುವವರಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಪಾಸ್‌ಪೋರ್ಟ್ ಸಿಕ್ಕಿತು, ನಿಜ. ಆದರೂ ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ. ಸ್ವಲ್ಪ ನಗದನ್ನೋ ಜೆರಾಕ್ಸ್ ಪ್ರತಿಯನ್ನೋ ಇಟ್ಟುಕೊಳ್ಳುವ ಅಂಗಡಿಗಳೂ ಇವೆ, ಹುಡುಕಿ. ದೂರ ಹೋಗಬೇಕಾದಾಗ ನಾವು ಲೋಕಾ ಆ್ಯಪ್‌ನಲ್ಲಿ ಕಾರು ಕರೆದೆವು. ಬಾಡಿಗೆ ಮೊದಲೇ ಕಾಣುತ್ತದೆ, ಚೌಕಾಸಿ ಇಲ್ಲ.

ದುಡ್ಡಿನ ಲೆಕ್ಕಕ್ಕೆ ಒಂದು ದಿನ ಬೇಕಾಯಿತು. ಒಂದು ಡಾಲರ್‌ಗೆ 20,000ಕ್ಕಿಂತ ಜಾಸ್ತಿ ಕಿಪ್ ಬರುತ್ತಿತ್ತು. ಸ್ವಲ್ಪ ಸ್ವಲ್ಪವೇ ಬದಲಾಯಿಸಿಕೊಳ್ಳಿ. ಲಾವೋಸ್ ಬಿಟ್ಟ ಮೇಲೆ ಕಿಪ್ ತೆಗೆದುಕೊಳ್ಳುವವರು ಸಿಗುವುದು ಕಷ್ಟ.

ಊಟದ ವಿಷಯ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ತಂಗಿ ಸಸ್ಯಾಹಾರಿ. ಲಾವೋಸಿನಲ್ಲಿ ಮೀನು ಕೊಳೆಸಿ ಮಾಡಿದ ಪಾಡ್ಯಾಕ್ ಎನ್ನುವ ಗೊಜ್ಜು ಎಷ್ಟೋ ಅಡುಗೆಗೆ ಬೀಳುತ್ತದೆ. ಮಾಂಸ ಬೇಡ ಅಂದರೂ ಇದು ಬಂದೇ ಬರುತ್ತದೆ. 'ಬೋ ಸಾಯ್ ಪಾಡ್ಯಾಕ್' ಎಂದರೆ ಪಾಡ್ಯಾಕ್ ಹಾಕಬೇಡಿ ಎಂದು. ಮೀನಿನ ಸಾಸ್ ಬೇಡವಾದರೆ 'ಬೋ ಸಾಯ್ ನಾಮ್ ಪಾ'. 'ಕಿನ್ ಜೇ' ಅಂದರೆ ಸಸ್ಯಾಹಾರ ತಿನ್ನುತ್ತೇನೆ ಎಂದು. ಈ ಮೂರು ಮಾತು ಬಾಯಿಪಾಠ ಆದ ಮೇಲೆ ಅವಳಿಗೆ ಹಸಿವಿನ ಚಿಂತೆ ಇರಲಿಲ್ಲ. ಹಸಿ ಪರಂಗಿಕಾಯಿ ತುರಿದು, ಮೆಣಸಿನಕಾಯಿ, ನಿಂಬೆರಸ, ಟೊಮೇಟೊ ಹಾಕಿ ಒರಳಲ್ಲಿ ಕುಟ್ಟಿ ಕೊಡುವ ತಾಮ್ ಮಾಕ್ ಹುಂಗ್ ಅವಳ ದಿನದ ಊಟವೇ ಆಯಿತು. ಜೊತೆಗೆ ಅಂಟು ಅಕ್ಕಿಯ ಅನ್ನ. ಅಕ್ಕಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಮುಚ್ಚಳವಿರುವ ಪುಟ್ಟ ಬಿದಿರು ಬುಟ್ಟಿಯಲ್ಲಿ ತಂದಿಡುತ್ತಾರೆ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಅದ್ದಿ ತಿನ್ನಬೇಕು. ಮುದ್ದೆ ಉಂಡು ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಮೇಜಿನ ಅಜ್ಜಿ ನಮ್ಮ ಕೈ ನೋಡಿ ನಕ್ಕು ತಲೆಯಾಡಿಸಿದರು.

ಬೆಳಗಿನ ತಿಂಡಿಗೆ ಫ್ರೆಂಚರು ಬಿಟ್ಟುಹೋದ ಉದ್ದನೆಯ ಬ್ರೆಡ್ಡು, ಖಾವ್ ಜೀ. ಮೊಟ್ಟೆ, ಸೌತೆಕಾಯಿ ತುಂಬಿಸಿಕೊಂಡರೆ 30,000 ಕಿಪ್ ಆಸುಪಾಸು. ಕಾಫಿ ಮಾತ್ರ ಬಿಡಬೇಡಿ. ನಾವು ಮೂಡಿಗೆರೆ ಕಡೆಯವರು, ಕಾಫಿ ಬಗ್ಗೆ ಸುಮ್ನೆ ಹೊಗಳುವವರಲ್ಲ. ದಕ್ಷಿಣದ ಬೊಲವೆನ್ ಬೆಟ್ಟಗಳಲ್ಲಿ ಬೆಳೆದ ಕಾಫಿಯನ್ನು ಬಟ್ಟೆಯಲ್ಲಿ ಸೋಸಿ, ಕೆಳಗೆ ಗಟ್ಟಿ ಸಿಹಿ ಹಾಲು ಹಾಕಿ ಕೊಡುತ್ತಾರೆ. ಕುಡಿದಾಗ ಮನೆ ನೆನಪಾಯಿತು.

ಒಂದು ಎಚ್ಚರಿಕೆ. ಪುಕ್ಕಟೆ ಕೊಡುವ ಮದ್ಯ, ಸೀಲ್ ಇಲ್ಲದ ಬಾಟಲಿ ಮುಟ್ಟಬೇಡಿ. 2024ರ ನವೆಂಬರ್‌ನಲ್ಲಿ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು 6 ಪ್ರವಾಸಿಗರು ತೀರಿಹೋದರು. ಕೆಲವರಿಗೆ ಇನ್ನೂ ಇಪ್ಪತ್ತೂ ತುಂಬಿರಲಿಲ್ಲ.

ನೋಡುವ ಜಾಗಗಳಲ್ಲಿ ಚಿನ್ನದ ಬಣ್ಣದ ಥಾಟ್ ಲುವಾಂಗ್ ಸ್ತೂಪ ಎಲ್ಲರೂ ನೋಡುವಂಥದ್ದೇ, ನಾವೂ ನೋಡಿದೆವು. ಪಟುಸಾಯ್ ಎಂಬ ದೊಡ್ಡ ಕಮಾನನ್ನು ವಿಮಾನ ನಿಲ್ದಾಣಕ್ಕೆಂದು ಅಮೆರಿಕ ಕೊಟ್ಟ ಸಿಮೆಂಟಿನಲ್ಲಿ ಕಟ್ಟಿದರಂತೆ. ನನ್ನ ಮನಸ್ಸು ನಿಂತಿದ್ದು ಸಿ ಸಾಕೇಟ್ ದೇಗುಲದಲ್ಲಿ. ರಾಜ ಅನುವೊಂಗ್ 1818ರಲ್ಲಿ ಕಟ್ಟಿಸಿದ್ದು. ಹತ್ತು ವರ್ಷದಲ್ಲಿ ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಸೈನ್ಯ ಊರನ್ನೇ ಹಾಳುಗೆಡವಿದಾಗ ಉಳಿದುಕೊಂಡ ದೇಗುಲ ಇದು. ಒಳ ಪ್ರಾಂಗಣದ ಗೋಡೆಯ ತುಂಬ ಪುಟ್ಟ ಪುಟ್ಟ ಗೂಡು, ಗೂಡಿನೊಳಗೆ ಬುದ್ಧ. ಸಾವಿರಾರು. ಕೆಲವಕ್ಕೆ ತಲೆಯಿಲ್ಲ, ಕೈಯಿಲ್ಲ. ಬೆಳಿಗ್ಗೆ ಬೇಗ ಹೋದರೆ ಜನವಿರುವುದಿಲ್ಲ.

ಕೈಕಾಲು ಕಳೆದುಕೊಂಡವರಿಗೆ ಕೃತಕ ಕೈಕಾಲು ಮಾಡಿಕೊಡುವ ಕೋಪ್ ಎಂಬ ಕೇಂದ್ರಕ್ಕೆ ಹೋಗದೆ ಮಾತ್ರ ಬರಬೇಡಿ. 1964ರಿಂದ 1973ರವರೆಗೆ ಅಮೆರಿಕ ಈ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬು ಸುರಿಯಿತು. ಅದರಲ್ಲಿ ಸುಮಾರು 27 ಕೋಟಿ ಚೆಂಡಿನಷ್ಟು ಚಿಕ್ಕ ಬಾಂಬುಗಳು. ಸುಮಾರು 8 ಕೋಟಿ ಸಿಡಿಯದೆ ಗದ್ದೆಯಲ್ಲೂ ಕಾಡಿನಲ್ಲೂ ಉಳಿದವು. ಇವತ್ತಿಗೂ ಮಕ್ಕಳು ಆಟಿಕೆ ಎಂದು ಎತ್ತಿಕೊಳ್ಳುತ್ತಾರೆ. ಕೈಕಾಲು ಕಳೆದುಕೊಂಡವರು ಮರದಿಂದ, ತಗಡಿನಿಂದ ತಾವೇ ಮಾಡಿಕೊಂಡ ಕಾಲುಗಳನ್ನು ಅಲ್ಲಿ ತೂಗು ಹಾಕಿದ್ದಾರೆ. ಹೊರಗೆ ಬಂದು ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. "ಅಕ್ಕಾ, ಇವತ್ತು ಇನ್ನೇನೂ ಬೇಡ, ನದಿ ಹತ್ರ ಕೂತ್ಕೊಳ್ಳೋಣ" ಅಂದಳು ತಂಗಿ.

ಫೆಬ್ರವರಿಯಲ್ಲಿ ಮೆಕಾಂಗ್ ಇಳಿದು ಅಗಲವಾದ ಮರಳ ದಂಡೆ ಬಿಟ್ಟುಕೊಡುತ್ತದೆ. ಸಂಜೆ ಊರೇ ಅಲ್ಲಿರುತ್ತದೆ. ಸಂಗೀತ ಹಾಕಿಕೊಂಡು ವ್ಯಾಯಾಮ ಮಾಡುವ ಹೆಂಗಸರು, ಸೈಕಲ್ ಮೇಲೆ ಮಕ್ಕಳು, ಆಫೀಸು ಮುಗಿಸಿ ಸಿನ್ ಎನ್ನುವ ಅಂಚಿನ ಲಂಗ ಉಟ್ಟುಕೊಂಡೇ ಬಂದ ಹುಡುಗಿಯರು. ಆಚೆ ದಡದಲ್ಲಿ ಥಾಯ್ಲೆಂಡಿನ ದೀಪಗಳು. ನಾಲ್ಕು ಸಂಜೆಯೂ ನಾವು ಅಲ್ಲೇ ಕೂತಿದ್ದೆವು.

ಮೂರನೆಯ ದಿನ 14ನೇ ನಂಬರಿನ ಬಸ್ಸಿನಲ್ಲಿ ಬುದ್ಧ ಪಾರ್ಕಿಗೆ ಹೋದೆವು, ಸುಮಾರು 25 ಕಿಲೋಮೀಟರ್. 1958ರಲ್ಲಿ ಒಬ್ಬ ಸಾಧು ಶುರುಮಾಡಿದ ಸಿಮೆಂಟಿನ ಮೂರ್ತಿಗಳ ತೋಟ. ಬುದ್ಧನ ಜೊತೆ ನಮ್ಮ ದೇವರುಗಳೂ ಇದ್ದಾರೆ. ಅರ್ಧ ದಿನ ಸಾಕು.

ಕೊನೆಯ ದಿನ ಸಿ ಮುವಾಂಗ್ ದೇಗುಲ. ಊರಿನ ಕಂಬ ನೆಡಲು ಗುಂಡಿ ತೋಡಿದಾಗ ಸಿ ಎಂಬ ಬಸುರಿ ಹೆಂಗಸು ಅದರೊಳಗೆ ಹಾರಿ ಪ್ರಾಣ ಕೊಟ್ಟಳಂತೆ. ಇಂದಿಗೂ ಊರು ಕಾಯುವವಳು ಅವಳೇ ಎಂದು ನಂಬುತ್ತಾರೆ. ಕೆರೆಗೆ ನೀರು ಬರಲೆಂದು ಮನೆಯ ಸೊಸೆಯನ್ನು ಕೊಟ್ಟ ಕಥೆಯನ್ನು ನಮ್ಮಜ್ಜಿ ಹಾಡಿ ಹೇಳುತ್ತಿದ್ದರು. ಅದನ್ನು ಕೇಳಿದಾಗ ಆಗುತ್ತಿದ್ದ ಸಂಕಟವೇ ಅಲ್ಲೂ ಆಯಿತು. ದೇಗುಲದಲ್ಲಿ ದಿಂಬಿನ ಮೇಲೆ ಸವೆದುಹೋದ ಒಂದು ಕಲ್ಲಿನ ಬುದ್ಧ ಇದೆ. ಮನಸ್ಸಿನಲ್ಲಿ ಬೇಡಿಕೊಂಡು ಮೂರು ಸಲ ಎತ್ತಬೇಕು. ಬೇಡಿದ್ದು ನೆರವೇರಿದರೆ ಬಾಳೆಹಣ್ಣು, ಎಳನೀರು, ಹೂವು ತಂದು ಒಪ್ಪಿಸಬೇಕು. ತಂಗಿ ಕಣ್ಣು ಮುಚ್ಚಿ ಮೂರು ಸಲ ಎತ್ತಿದಳು. ಏನು ಕೇಳಿದೆ ಅಂದರೆ ಹೇಳಲಿಲ್ಲ.

ಕಳೆದ ತಿಂಗಳು ಅವಳ ಫೋನ್ ಬಂತು. "ಅಕ್ಕಾ, ಬಾಳೆಹಣ್ಣು ಕೊಟ್ಟು ಬರ್ಬೇಕು." ಮುಂದಿನ ಫೆಬ್ರವರಿಗೆ ಈಗ ಟಿಕೆಟ್ ನೋಡುತ್ತಿದ್ದೇವೆ.